ಗದ್ದಲ ಎಷ್ಟಿರಬೇಕು? ಹ್ಯಾಮ್ ರೇಡಿಯೊ ಪರದೆಯ ಮೂಲೆಯಲ್ಲಿರುವ ಪಟ್ಟಿಯ ಕಥೆ

ಹೋದ ಬೇಸಿಗೆಯ ಮಾತು. ವಿಜಯಪುರದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಇರುವ ಕಾಲೇಜು ಹುಡುಗನೊಬ್ಬನಿಗೆ ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕಾಗಿ ರೇಡಿಯೊ ಸ್ಟೇಷನ್ ನಡೆಸುವ ಪರವಾನಗಿ, ಬಂತು. ಮಾಳಿಗೆ ಮೇಲೆ ಎರಡು ಬಿದಿರು ಗಳ ನಿಲ್ಲಿಸಿ, ತಂತಿ ಎಳೆದು, 20 ಮೀಟರ್ ಬ್ಯಾಂಡಿಗೆ ಡೈಪೋಲ್ ಅಂಟೆನಾ ಕಟ್ಟಿದ. ಹಳೆಯ ರೇಡಿಯೊವನ್ನು 14.074 ಮೆಗಾಹರ್ಟ್ಸ್‌ಗೆ ಇಟ್ಟ. ರೇಡಿಯೊದ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಒಂದು ವೈರ್ ಹಾಕಿದ. ಡಬ್ಲ್ಯುಎಸ್‌ಜೆಟಿ-ಎಕ್ಸ್ ಅನ್ನುವ ಸಾಫ್ಟ್‌ವೇರ್ ತೆರೆದು, ಸಣ್ಣ ಸಂದೇಶಗಳನ್ನು ನಾದವಾಗಿ ಕಳಿಸುವ ಎಫ್‌ಟಿ8 ಪದ್ಧತಿ ಹಚ್ಚಿ ಕೂತ.

ಎಫ್‌ಟಿ8ರಲ್ಲಿ ಪ್ರತಿ 15 ಸೆಕೆಂಡಿಗೊಮ್ಮೆ ಪರದೆಯ ಮೇಲೆ ಕಾಲ್‌ಸೈನ್‌ಗಳ, ಅಂದರೆ ಸ್ಟೇಷನ್ನುಗಳ ಗುರುತಿನ ಹೆಸರುಗಳ, ಸಾಲು ಬೀಳಬೇಕು. ಸಂಜೆ ಹೊತ್ತು ಒಂದೇ ಸಲಕ್ಕೆ ಇಪ್ಪತ್ತು ಸಾಲು ಬಂದರೂ ಆಶ್ಚರ್ಯವಿಲ್ಲ. ಅವನಿಗೆ ಬಂದದ್ದು ಒಂದೋ ಎರಡೋ.

"ಕಾಕಾ, ಅಂಟೆನಾದಾಗ ಏನೋ ತಪ್ಪೈತ್ರಿ. ಮೂರು ಸಲ ಇಳಿಸಿ ಏರಿಸೀನಿ," ಅಂತ ಫೋನ್ ಮಾಡಿದ.

ಏಪ್ರಿಲ್ ಬಿಸಿಲಿನಲ್ಲಿ ವಿಜಯಪುರದ ಮಾಳಿಗೆ ಮೇಲೆ ಮೂರು ಸಲ! ಪಾಪ ಅನಿಸಿತು. ಹೋಗಿ ನಾನು ಮೊದಲು ನೋಡಿದ್ದು ಅಂಟೆನಾ ಅಲ್ಲ, ಪರದೆಯ ಎಡಗಡೆ ಕೆಳಮೂಲೆ. ಅಲ್ಲಿ ಥರ್ಮಾಮೀಟರಿನ ಹಾಗೆ ನಿಂತ ಒಂದು ಪಟ್ಟಿ ಇರುತ್ತದೆ. ಒಳಗೆ ಬರುವ ಆಡಿಯೊ ಎಷ್ಟಿದೆ ಅಂತ ಅದು ಡೆಸಿಬೆಲ್‌ನಲ್ಲಿ ತೋರಿಸುತ್ತದೆ. ಅವನ ಪಟ್ಟಿ ತುದಿ ಮುಟ್ಟಿತ್ತು. ಕೆಳಗೆ 89 ಅಂತ ಬರೆದಿತ್ತು. ಇರಬೇಕಾದದ್ದು 30ರ ಸುಮಾರು.

ಲ್ಯಾಪ್‌ಟಾಪಿನಲ್ಲಿ ದನಿ ಹಿಗ್ಗಿಸುವ ಮೈಕ್ ಬೂಸ್ಟ್ ತೆಗೆದೆವು. ರೇಡಿಯೊದ ವಾಲ್ಯೂಮ್ ಇಳಿಸಿದೆವು. 31ಕ್ಕೆ ಬಂದು ನಿಂತಿತು. ಮುಂದಿನ 15 ಸೆಕೆಂಡಿಗೆ ಹದಿನೇಳು ಸಾಲು ಬಿದ್ದವು.

"ಇಷ್ಟ ಐತೇನ್ರಿ ಕಾಕಾ?" ಅಂದ.

ಇಷ್ಟೇ. ಆದರೆ ಈ "ಇಷ್ಟೇ" ಅನ್ನೋದರ ಹಿಂದೆ ತೊಂಬತ್ತು ವರ್ಷದ ಕಥೆ ಇದೆ. ಅದು ಗೊತ್ತಿಲ್ಲದೆ ಎಷ್ಟೋ ಹೊಸಬರು ಸುಮ್ನೆ ಅಂಟೆನಾವನ್ನು ಬೈಯುತ್ತಾರೆ. ತಪ್ಪು ಅವರದ್ದಲ್ಲ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಿವಿಯೇ ಮೀಟರ್ ಆಗಿತ್ತು. 1934ರಲ್ಲಿ ಹ್ಯಾಮ್‌ಗಳು ಆರ್‌ಎಸ್‌ಟಿ ಅನ್ನುವ ವರದಿ ಪದ್ಧತಿ ಶುರು ಮಾಡಿದರು. ದನಿ ಎಷ್ಟು ತಿಳಿಯುತ್ತದೆ, ಎಷ್ಟು ಗಟ್ಟಿ ಇದೆ, ಮೋರ್ಸ್ ಆಗಿದ್ದರೆ ನಾದ ಎಷ್ಟು ಶುದ್ಧ, ಇವು ಮೂರನ್ನು ಅಂಕಿಯಲ್ಲಿ ಹೇಳುವುದು. ಗಟ್ಟಿತನಕ್ಕೆ 1ರಿಂದ 9. ಕೇಳಿದವನ ಅಂದಾಜೇ ಅಳತೆ. ಮುಂದೆ ಇದಕ್ಕೆ ಎಸ್-ಮೀಟರ್ ಅನ್ನುವ ಮುಳ್ಳು ಬಂತು. ಶಾರ್ಟ್‌ವೇವ್‌ನಲ್ಲಿ ಎಸ್9 ಅಂದರೆ ರೇಡಿಯೊದ ಅಂಟೆನಾ ತೂತಿನಲ್ಲಿ 50 ಮೈಕ್ರೊವೋಲ್ಟ್, ಅಲ್ಲಿಂದ ಕೆಳಗೆ ಒಂದೊಂದು ಎಸ್‌ಗೂ 6 ಡೆಸಿಬೆಲ್ ಅಂತ ಲೆಕ್ಕ ಗಟ್ಟಿಯಾಯಿತು.

ಮನೆಯ ರೇಡಿಯೊಗಳಿಗೂ ಒಂದು ಕಣ್ಣಿತ್ತು. 1935ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ತಂದ ಮ್ಯಾಜಿಕ್ ಐ ವಾಲ್ವ್. ನಮ್ಮ ಅಜ್ಜನ ಮನೆಯ ವಾಲ್ವ್ ರೇಡಿಯೊದಲ್ಲಿ ಅಂಥದ್ದೊಂದು ಇತ್ತು. ಧಾರವಾಡ ಆಕಾಶವಾಣಿ 765 ಕಿಲೊಹರ್ಟ್ಸ್‌ನಲ್ಲಿ ಸರಿಯಾಗಿ ಸಿಕ್ಕರೆ ಆ ಹಸಿರು ಬೆಳಕಿನ ಸಂದು ಮುಚ್ಚಿಕೊಳ್ಳುತ್ತಿತ್ತು. ಅಜ್ಜ ಕಿವಿಗಿಂತ ಆ ಕಣ್ಣನ್ನೇ ಜಾಸ್ತಿ ನಂಬುತ್ತಿದ್ದರು.

1939ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್, ಸಿಬಿಎಸ್, ಎನ್‌ಬಿಸಿ ಸೇರಿ ರೇಡಿಯೊ ಸ್ಟೇಷನ್ನುಗಳಿಗಾಗಿ ವಿಯು ಮೀಟರ್ ತಂದವು. ವಿಯು ಅಂದರೆ ವಾಲ್ಯೂಮ್ ಯೂನಿಟ್. ಭಾರತದ ಹ್ಯಾಮ್ ಕಾಲ್‌ಸೈನ್‌ಗಳೂ ವಿಯು ಅಂತಲೇ ಶುರುವಾಗುತ್ತವೆ. ಎರಡಕ್ಕೂ ಸಂಬಂಧವಿಲ್ಲ, ಆದರೆ ನನಗೆ ಈ ಹೊಂದಾಣಿಕೆ ಬಹಳ ಇಷ್ಟ. ಆ ಮೀಟರಿನ ಮುಳ್ಳು ಬೇಕಂತಲೇ ನಿಧಾನ. ಗುರುತು ಮುಟ್ಟೋಕೆ ಸುಮಾರು 300 ಮಿಲಿಸೆಕೆಂಡ್ ಬೇಕು. ಹೀಗಾಗಿ ಅದು ಕ್ಷಣದ ಏರಿಳಿತ ಬಿಟ್ಟು, ಮನುಷ್ಯನ ಕಿವಿಗೆ ಎಷ್ಟು ಜೋರು ಅನಿಸುತ್ತದೋ ಅದರ ಹತ್ತಿರದ್ದನ್ನು ತೋರಿಸುತ್ತಿತ್ತು.

ಇಲ್ಲಿಯವರೆಗೆ ದೊಡ್ಡ ತೊಂದರೆ ಇರಲಿಲ್ಲ. ದನಿ ಸ್ವಲ್ಪ ಜಾಸ್ತಿಯಾದರೆ ವಾಲ್ವ್ ಅದನ್ನು ಮೆಲ್ಲಗೆ ಸೊಟ್ಟ ಮಾಡುತ್ತಿತ್ತು, ಕಿವಿ ಹೊಂದಿಕೊಳ್ಳುತ್ತಿತ್ತು. 1980ರ ದಶಕದಲ್ಲಿ ಕಂಪ್ಯೂಟರಿನ ಅಕ್ಷರಗಳನ್ನು ರೇಡಿಯೊದಲ್ಲಿ ಕಳಿಸುವ ಪ್ಯಾಕೆಟ್ ರೇಡಿಯೊ ಬಂದಾಗಲೂ ಟಿಎನ್‌ಸಿ ಅನ್ನುವ ಬೇರೆ ಡಬ್ಬಿಯೇ ದನಿಯನ್ನು ಅಕ್ಷರ ಮಾಡುತ್ತಿತ್ತು. ಕಂಪ್ಯೂಟರಿಗೆ ಹೋಗುತ್ತಿದ್ದುದು ಅಕ್ಷರ, ದನಿಯಲ್ಲ.

ಬದಲಾದದ್ದು ಸೌಂಡ್ ಕಾರ್ಡಿನಿಂದ. 1992ರಲ್ಲಿ ಸೌಂಡ್ ಬ್ಲಾಸ್ಟರ್ 16 ಬಂದ ಮೇಲೆ ಮನೆಯ ಕಂಪ್ಯೂಟರುಗಳಿಗೆ 16 ಬಿಟ್ ಆಡಿಯೊ ಬಂತು. ಆ ದಶಕ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್ ಟೈಪ್ ಮಾಡಿದ್ದನ್ನು ನಾದವಾಗಿ ಕಳಿಸುವ ಪಿಎಸ್‌ಕೆ31 ಪದ್ಧತಿ ಕೊಟ್ಟರು. ಸೆಕೆಂಡಿಗೆ 31.25 ಬಿಟ್, ನಾವು ಟೈಪ್ ಮಾಡುವಷ್ಟೇ ವೇಗ. ಬೇರೆ ಡಬ್ಬಿ ಬೇಡ, ರೇಡಿಯೊಕ್ಕೂ ಕಂಪ್ಯೂಟರಿಗೂ ಒಂದು ವೈರ್ ಸಾಕು. ಎಷ್ಟೋ ಜನರಿಗೆ ಡಿಜಿಟಲ್ ಬಾಗಿಲು ತೆರೆದದ್ದೇ ಆಗ. ಆ ವೈರಿನ ಜೊತೆಗೇ ಒಂದು ಹೊಸ ಪ್ರಶ್ನೆ ಬಂತು: ಕಂಪ್ಯೂಟರಿಗೆ ದನಿ ಎಷ್ಟು ಕೊಡಬೇಕು?

ಈ ಪ್ರಶ್ನೆ ಯಾಕೆ ಗಟ್ಟಿ ಅಂದರೆ, ಸೌಂಡ್ ಕಾರ್ಡ್ ದನಿಯನ್ನು ಅಂಕಿ ಮಾಡುತ್ತದೆ, ಅದಕ್ಕೆ ಒಂದು ಮಿತಿ ಇದೆ. 16 ಬಿಟ್ ಅಂದರೆ ಮೇಲೆ 32,767, ಕೆಳಗೆ ಮೈನಸ್ 32,768. ಅದರಾಚೆ ಅಂಕಿಯೇ ಇಲ್ಲ. ಸಂತೆಯಲ್ಲಿ ಜೋಳ ಅಳೆಯುವಾಗ ಸೇರಿನ ಬಾಯಿ ಮೇಲೆ ಕೈ ಎಳೆದು ಸಮ ಮಾಡುತ್ತಾರಲ್ಲ, ಹಾಗೆ. ಗೋಪುರದ ಹಾಗೆ ಏರಿದ್ದು ಸಪಾಟಾಗುತ್ತದೆ. ಜೋಳವಾದರೆ ಕೆಳಗೆ ಬಿದ್ದದ್ದನ್ನು ಬಳಿದುಕೊಳ್ಳಬಹುದು. ದನಿಯ ಅಲೆಯಲ್ಲಿ ಕತ್ತರಿಸಿಹೋದದ್ದು ತಿರುಗಿ ಸಿಗುವುದಿಲ್ಲ. ಅಷ್ಟೇ ಅಲ್ಲ, ಸಪಾಟಾದ ಅಲೆ ತನ್ನದೇ ಹೊಸ ನಾದಗಳನ್ನು ಹುಟ್ಟಿಸುತ್ತದೆ. ನಾದಗಳನ್ನು ಗೆರೆಗಳಾಗಿ ತೋರಿಸುವ ವಾಟರ್‌ಫಾಲ್ ಚಿತ್ರದಲ್ಲಿ ಇಲ್ಲದ ಸ್ಟೇಷನ್ನುಗಳ ಗೆರೆ ಮೂಡುತ್ತವೆ. ಸಣ್ಣ ದನಿಗಳು ಅವುಗಳ ಕೆಳಗೆ ಹೂತುಹೋಗುತ್ತವೆ.

ಸಾಫ್ಟ್‌ವೇರ್ ಬರೆದವರು ಇದನ್ನು ಬೇಗ ಅರ್ಥ ಮಾಡಿಕೊಂಡರು. ಎಫ್ಎಲ್‌ಡಿಜಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದು ಪುಟ್ಟ ವಜ್ರದ ಆಕಾರವಿದೆ. ದನಿ ಕಡಿಮೆಯಾದರೆ ಕಪ್ಪು, ಸರಿ ಇದ್ದರೆ ಹಸಿರು, ಮಿತಿ ದಾಟಿದರೆ ಕೆಂಪು. ಸರಳ, ಚಂದ.

ಆದರೆ ಈ ವಿಷಯವನ್ನು ಬೇರೆ ಕಣ್ಣಿನಿಂದ ನೋಡಿದವರು ಜೋ ಟೇಲರ್. ಕಾಲ್‌ಸೈನ್ ಕೆ1ಜೆಟಿ. 1974ರಲ್ಲಿ ರಸೆಲ್ ಹಲ್ಸ್ ಜೊತೆ ಜೋಡಿ ಪಲ್ಸಾರ್ (ಪಲ್ಸಾರ್ ಅಂದರೆ ರೇಡಿಯೊ ಮಿಡಿತ ಕಳಿಸುವ ನಕ್ಷತ್ರ) ಕಂಡುಹಿಡಿದು, 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಆಕಾಶದ ಗದ್ದಲದೊಳಗಿಂದ ಸಣ್ಣ ಮಿಡಿತ ಹೆಕ್ಕುವುದೇ ಅವರ ಕಸುಬು. 2001ರಲ್ಲಿ ಅವರು ಹ್ಯಾಮ್‌ಗಳಿಗಾಗಿ ಡಬ್ಲ್ಯುಎಸ್‌ಜೆಟಿ ಬರೆದರು. 2017ರಲ್ಲಿ ಸ್ಟೀವ್ ಫ್ರಾಂಕ್ ಜೊತೆ ಸೇರಿ ಎಫ್‌ಟಿ8 ತಂದರು. ಅದು ಗದ್ದಲಕ್ಕಿಂತ, ಅಂದರೆ ಬ್ಯಾಂಡಿನಲ್ಲಿ ಸದಾ ಇರುವ ಸರಸರ ಸದ್ದಿಗಿಂತ, 20 ಡೆಸಿಬೆಲ್ ಕೆಳಗಿರುವ ಸಿಗ್ನಲ್ಲನ್ನೂ ಓದುತ್ತದೆ. ಅಂದರೆ ನೂರರಲ್ಲಿ ಒಂದು ಪಾಲು ಶಕ್ತಿ. ಕಿವಿಗೆ ಅಲ್ಲಿ ಏನೂ ಕೇಳಿಸುವುದಿಲ್ಲ.

ಹಾಗಿದ್ದ ಮೇಲೆ ಮೀಟರ್ ಅಳೆಯಬೇಕಾದದ್ದು ಏನನ್ನು? ಸಿಗ್ನಲ್ಲನ್ನಲ್ಲ, ಗದ್ದಲವನ್ನು. ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಸೂಚನೆಯೂ ಇದೇ: ಯಾವ ಸಿಗ್ನಲ್ಲೂ ಇಲ್ಲದಾಗ, ಬರೀ ಬ್ಯಾಂಡಿನ ಗದ್ದಲ 30 ಡೆಸಿಬೆಲ್ ಆಸುಪಾಸು ಇರಲಿ.

30 ಯಾಕೆ? ಆ ಪಟ್ಟಿಯ ಮೇಲ್ತುದಿ ಸುಮಾರು 90, ಅಂದರೆ 16 ಬಿಟ್ಟಿನ ಮಿತಿ. ಗದ್ದಲವನ್ನು 30ಕ್ಕೆ ನಿಲ್ಲಿಸಿದರೆ ಮೇಲೆ 60 ಡೆಸಿಬೆಲ್ ಜಾಗ ಉಳಿಯುತ್ತದೆ. ಪಕ್ಕದ ಊರಿನ ಗಟ್ಟಿ ಸ್ಟೇಷನ್ ಬಂದರೂ ತಲೆ ತಾಗುವುದಿಲ್ಲ. ಒಂದೊಂದು ಬಿಟ್ಟಿಗೆ 6 ಡೆಸಿಬೆಲ್ ಲೆಕ್ಕದಲ್ಲಿ, ಗದ್ದಲ ಕೆಳಗಿನ ಐದು ಬಿಟ್ಟುಗಳಲ್ಲಿ ಆಡುತ್ತಿರುತ್ತದೆ. ಸಣ್ಣ ಸಿಗ್ನಲ್ಲು ಕಳೆದುಹೋಗದಿರಲು ಅಷ್ಟು ಸಾಕು. ತೀರಾ ಸೊನ್ನೆಗೆ ಇಳಿಸಿದರೆ ಅಲೆಯನ್ನು ಬರೆಯೋಕೆ ಒಂದೆರಡು ಮೆಟ್ಟಿಲು ಮಾತ್ರ ಉಳಿಯುತ್ತವೆ. ಆಗಲೂ ಕೇಡೇ.

ನನ್ನ ಪ್ರಕಾರ ಹೊಸಬರ ಕಷ್ಟದ ಬೇರು ಇರುವುದು ಇಲ್ಲಿಯೇ. ನಮಗೆ ಗದ್ದಲವೇ ಅಳತೆಗೋಲು. ಕಂಪ್ಯೂಟರಿಗೆ, ಫೋನಿಗೆ ಗದ್ದಲ ಅಂದರೆ ಕಸ. ಅವನ್ನು ಮಾಡಿರುವುದು ಮಾತಾಡೋಕೆ. ಮೈಕ್ ತೂತಿಗೆ 20 ಡೆಸಿಬೆಲ್ ಬೂಸ್ಟ್ ಇರುವುದು ದೂರ ಕೂತವರ ಮೆಲುದನಿ ಕೇಳಲಿ ಅಂತ. ನಾಯ್ಸ್ ಸಪ್ರೆಶನ್ ಇರುವುದು ಫ್ಯಾನಿನ ಸದ್ದು ತೆಗೆಯೋಕೆ. ಅದು ಎಫ್‌ಟಿ8ರ ಮೆಲ್ಲನೆಯ ನಾದವನ್ನೂ ಫ್ಯಾನ್ ಅಂದುಕೊಂಡು ಒರೆಸಿಬಿಡುತ್ತದೆ. ಅಂತರಿಕ್ಷ ನಿಲ್ದಾಣದಿಂದ 145.800 ಮೆಗಾಹರ್ಟ್ಸ್‌ನಲ್ಲಿ ದನಿಯ ರೂಪದಲ್ಲಿ ಚಿತ್ರ ಬಂದಾಗ ಫೋನನ್ನು ಸ್ಪೀಕರ್ ಹತ್ತಿರ ಹಿಡಿದು ನೋಡುವವರು ಇದ್ದಾರಲ್ಲ, ಅವರ ಚಿತ್ರ ಮಸುಕಾಗೋಕೆ ಇದೂ ಒಂದು ಕಾರಣ.

ಇನ್ನೊಂದು ಗೊಂದಲ ಸ್ಲೈಡರುಗಳದ್ದು. ಸೌಂಡ್ ಕಾರ್ಡಿನಲ್ಲಿ ಅಂಕಿಯಾದ ಮೇಲೆ ದನಿ ಇಳಿಸುವ ಸ್ಲೈಡರ್ ಯಾವ ಉಪಕಾರವನ್ನೂ ಮಾಡುವುದಿಲ್ಲ. ಸಪಾಟಾದ ಅಲೆ ಸಣ್ಣದಾಗಿ ಸಪಾಟಾಗಿಯೇ ಇರುತ್ತದೆ. ಅಂಕಿಯಾಗುವ ಮುಂಚೆಯೇ ಇಳಿಸಬೇಕು: ರೇಡಿಯೊದ ವಾಲ್ಯೂಮಿನಲ್ಲಿ, ಇಲ್ಲವೇ ಕಾರ್ಡಿನ ಇನ್‌ಪುಟ್ ಲೆವೆಲ್‌ನಲ್ಲಿ. 2016ರಲ್ಲಿ ಬಂದ ಐಕಾಮ್ ಐಸಿ-7300ರಂಥ ರೇಡಿಯೊಗಳಲ್ಲಿ ಸೌಂಡ್ ಕಾರ್ಡ್ ಒಳಗೇ ಇರುವುದರಿಂದ ಒಂದೇ ಯುಎಸ್‌ಬಿ ವೈರ್ ಸಾಕು. ಆದರೆ ನಮ್ಮಲ್ಲಿ ಬಹಳ ಹುಡುಗರ ಕೈಯಲ್ಲಿರುವುದು ಹಳೆಯ ರೇಡಿಯೊ, ಹಳೆಯ ಲ್ಯಾಪ್‌ಟಾಪ್.

ರೇಡಿಯೊದಲ್ಲಿ ದನಿಯನ್ನು ತಾನೇ ಏರಿಸಿ ಇಳಿಸುವ ಎಜಿಸಿಯ ವಿಷಯವನ್ನು ನಮ್ಮೂರಿನವರಿಗೆ ಹೇಳೋದು ಸುಲಭ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಬೆಳಿಗ್ಗೆ ಬೇಗ, ಯಾರೂ ಇಲ್ಲದಾಗ ಹೋಗಿ ನೋಡಿ. ಈ ಗೋಡೆಗೆ ಮೆಲ್ಲಗೆ ಹೇಳಿದ್ದು ಆ ಬದಿಯಲ್ಲಿ ಸ್ಪಷ್ಟ ಕೇಳುತ್ತದೆ. ಹತ್ತು ಗಂಟೆಗೆ ಶಾಲೆ ಮಕ್ಕಳ ಬಸ್ಸು ಬಂದ ಮೇಲೆ ಒಬ್ಬ ಕೂಗಿದರೂ ಸಾಕು, ಪಿಸುಮಾತು ಹೋಯಿತು. ರೇಡಿಯೊದ ಎಜಿಸಿ ಮಾಡುವುದೂ ಅದೇ. ಒಂದು ಗಟ್ಟಿ ಸ್ಟೇಷನ್ ಬಂದ ಕೂಡಲೇ ಎಲ್ಲರ ದನಿಯನ್ನೂ ಒಟ್ಟಿಗೆ ಇಳಿಸುತ್ತದೆ. ಅದಕ್ಕೇ ಎಫ್‌ಟಿ8 ಕೇಳುವಾಗ ಎಜಿಸಿ ಬಂದ್ ಮಾಡಿ, ಇಲ್ಲವೇ ಅಂಟೆನಾದಿಂದ ಬಂದ ಸಿಗ್ನಲ್ಲನ್ನು ಹಿಗ್ಗಿಸುವ ಆರ್‌ಎಫ್ ಗೇನ್ ಇಳಿಸಿ.

ಪಟ್ಟಿ ಹೇಳದ ಒಂದು ಮಾತು ಉಳಿಯಿತು. ಅದು ತೋರಿಸುವ 30, ಆಕಾಶದ ಗದ್ದಲವೋ ನಮ್ಮ ಮನೆಯದ್ದೋ? ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್ ಎಲ್ಲವೂ ಗದ್ದಲ ಮಾಡುತ್ತವೆ. ತಿಳಿಯೋಕೆ ಸುಲಭ ದಾರಿ ಇದೆ. ಅಂಟೆನಾ ವೈರ್ ಬಿಚ್ಚಿ. ಅಂಕಿ ಚೆನ್ನಾಗಿ ಇಳಿದರೆ ಗದ್ದಲ ಅಂಟೆನಾದಿಂದಲೇ ಬರುತ್ತಿದೆ. ಇಳಿಯದಿದ್ದರೆ ತೊಂದರೆ ರೇಡಿಯೊ ಮತ್ತು ಲ್ಯಾಪ್‌ಟಾಪ್ ನಡುವೆ ಇದೆ. ಅಂಟೆನಾದಿಂದ ಬರುತ್ತಿದ್ದರೆ ರೇಡಿಯೊವನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆರಿಸಿ ಮತ್ತೆ ನೋಡಿ.

ಹುಡುಗ ಅದನ್ನೂ ಮಾಡಿದ. ಅವನ ಮನೆಯ ಮೇನ್ ಆರಿಸಿದಾಗ ಪಟ್ಟಿ ಅಲುಗಲಿಲ್ಲ. ಎರಡು ದಿನ ಬಿಟ್ಟು ಮಳೆಗಾಳಿಗೆ ಇಡೀ ಓಣಿಯ ಕರೆಂಟ್ ಹೋದಾಗ ರಾತ್ರಿಯೇ ಫೋನ್ ಮಾಡಿದ.

"ಕಾಕಾ, 31 ಇದ್ದದ್ದು 19ಕ್ಕ ಇಳೀತ್ರಿ. ಓಣ್ಯಾಗ ಯಾರದೋ ಮನ್ಯಾಗಿಂದ ಬರಾಕತ್ತೈತಿ. ಹುಡುಕೂಣೇನ್ರಿ?"

ನಾಳೆ ಸಂಜೆ ಟ್ರಾನ್ಸಿಸ್ಟರ್ ಹಿಡಿದು ಓಣಿ ಸುತ್ತೋಣ ಅಂದೆ.