ಪಾಚಿಗೆ ಬಿಸಿಲು ಕೊಡಬೇಡಿ ಮಾರಾಯ್ರೆ

ಪಾಚಿಯಿಂದ ಇಂಧನದ ಎಣ್ಣೆ ತೆಗೆಯುವ ನಮ್ಮಲ್ಲಿಗೆ ಕಳೆದ ವಾರ ಪೆರ್ಲ ಕಡೆಯ ಕೃಷಿಕರೊಬ್ಬರು ಬಂದಿದ್ದರು. ಕೈಯಲ್ಲಿ ಗೋಣಿಚೀಲ. ಒಳಗೆ ತೋಟದ ಕೆರೆಯ ಪಾಚಿ, ಹಪ್ಪಳದ ಹಾಗೆ ಗರಿಗರಿ. "ಆರು ಬಿಸಿಲು ಕೊಟ್ಟಿದ್ದೇನೆ. ಇನ್ನು ಎಣ್ಣೆ ತೆಗೆಯುವುದು ನಿಮಗೆ ಬಿಟ್ಟದ್ದು" ಎಂದರು. ನಾನು ಒಂದು ಬಕೆಟ್ ನೀರು ತಂದು ಅದನ್ನು ನೆನೆಹಾಕಿದೆ. ಅವರ ಮುಖ ನೋಡಬೇಕಿತ್ತು!

ಅವರೊಬ್ಬರೇ ಅಲ್ಲ, ಬರುವವರೆಲ್ಲ ಹೀಗೆಯೇ. ಕಾಸರಗೋಡಿನವರಿಗೆ ಅಂಗಳ ಕಂಡರೆ ಏನಾದರೂ ಒಣಗಿಸಬೇಕು. ಅಡಿಕೆ ಒಣಗಿದರೆ ಚಾಲಿ, ತೆಂಗಿನಕಾಯಿ ಒಣಗಿದರೆ ಕೊಬ್ಬರಿ. ಹಸಿ ಕಾಯಿಯನ್ನು ಯಾರಾದರೂ ಗಾಣಕ್ಕೆ ಒಯ್ಯುತ್ತಾರಾ? ಆದರೆ ನಮ್ಮದು ಗಾಣವಲ್ಲ. ಪಾಚಿಯಲ್ಲಿರುವ ಕೊಬ್ಬನ್ನು ಹಿಂಡಿ ತೆಗೆಯುವ ಕೆಲಸವೂ ಅಲ್ಲ. ಇದಕ್ಕೆ ಹೈಡ್ರೋಥರ್ಮಲ್ ಲಿಕ್ವಿಫ್ಯಾಕ್ಷನ್ ಎನ್ನುತ್ತಾರೆ, ಅಂದರೆ ಒತ್ತಡದ ಬಿಸಿನೀರಲ್ಲಿ ಪಾಚಿಯನ್ನೇ ಎಣ್ಣೆ ಮಾಡುವುದು. ಇಲ್ಲಿ ಕೆಲಸ ಮಾಡುವುದೇ ನೀರು.

ಮನೆಯ ಕುಕ್ಕರ್ ಒಳಗೆ ನೀರು ಸುಮಾರು 120 ಡಿಗ್ರಿಗೆ ಹೋಗುತ್ತದೆ. ನಾವು 300ರಿಂದ 350 ಡಿಗ್ರಿಗೆ ಒಯ್ಯುತ್ತೇವೆ. ಒತ್ತಡ ಹೊರಗಿನ ಗಾಳಿಯ 150ರಿಂದ 200 ಪಟ್ಟು. ಅಷ್ಟು ಒತ್ತಿ ಹಿಡಿದರೆ ನೀರು ಆವಿಯಾಗುವುದಿಲ್ಲ, ನೀರಾಗಿಯೇ ಇರುತ್ತದೆ. ಆದರೆ ಸ್ವಭಾವ ಬದಲಾಗುತ್ತದೆ. ಎಣ್ಣೆಯನ್ನು ದೂರ ಇಡುತ್ತಿದ್ದ ನೀರು ಈಗ ಸುಮಾರಾಗಿ ಅಸಿಟೋನ್ (ಉಗುರುಬಣ್ಣ ಅಳಿಸುವ ದ್ರವ) ಥರ ವರ್ತಿಸುತ್ತದೆ. ಕೊಬ್ಬು ಮಾತ್ರ ಅಲ್ಲ, ಪ್ರೋಟೀನ್, ಪಿಷ್ಟವನ್ನೂ ಒಡೆಯುತ್ತದೆ. ತಣಿದಾಗ ಕಪ್ಪು ದಪ್ಪ ಎಣ್ಣೆ ಬೇರೆ, ನೀರು ಬೇರೆ.

ಈಗ ಲೆಕ್ಕ. ಐದು ಕಿಲೋ ಪಾಚಿ ಸ್ಲರಿ ಅಂದುಕೊಳ್ಳಿ, ನೀರು ಬೆರೆತ ಮಂದ ಮುದ್ದೆ. ಒಣ ಲೆಕ್ಕದಲ್ಲಿ ಒಂದು ಕಿಲೋ ಪಾಚಿ, ನಾಲ್ಕು ಕಿಲೋ ನೀರು. ಆ ನೀರನ್ನು ಒಲೆಯಲ್ಲಿ ಪೂರ್ತಿ ಆವಿ ಮಾಡಲು ಸುಮಾರು 10 ಮೆಗಾಜೂಲ್ ಶಾಖ ಬೇಕು. ಒಂದು ಕಿಲೋ ಪಾಚಿಯಿಂದ 350 ಗ್ರಾಂ ಎಣ್ಣೆ ಸಿಕ್ಕಿತು ಅನ್ನೋಣ, ಅದರಲ್ಲಿರುವುದು 12 ಮೆಗಾಜೂಲ್. ಒಣಗಿಸುವುದರಲ್ಲೇ ಗಳಿಕೆ ಮುಗಿಯಿತು, ಅಲ್ವಾ? ಅದೇ ನೀರನ್ನು ಆವಿಯಾಗಲು ಬಿಡದೆ 320 ಡಿಗ್ರಿಗೆ ಬಿಸಿ ಮಾಡಿದರೆ ಐದೂಕಾಲು ಮೆಗಾಜೂಲ್ ಸಾಕು. ಹೊರಗೆ ಬರುವ ಬಿಸಿ ಸ್ಲರಿಯಿಂದ ಒಳಗೆ ಹೋಗುವ ತಣ್ಣನೆಯ ಸ್ಲರಿಯನ್ನು ಕಾಯಿಸಿಕೊಂಡರೆ ಅದರಲ್ಲೂ ಬಹುಪಾಲು ವಾಪಸ್. ಅಂಗಳದಿಂದ ಹಾರಿಹೋದ ಆವಿಯಿಂದ ಏನು ವಾಪಸ್ ಬರುತ್ತದೆ?

"ಬಿಸಿಲು ಪುಕ್ಕಟೆ ಅಲ್ವಾ ಮಾರಾಯ್ರೆ?" ಎನ್ನುತ್ತಾರೆ. ಪುಕ್ಕಟೆ ಹೌದು. ಜೂನ್ ಬರಲಿ, ಆಮೇಲೆ ಮಾತಾಡೋಣ. ಮಗುಚಿ ಹಾಕುವ ಆಳಿನ ಸಂಬಳ ಪುಕ್ಕಟೆಯಾ? ಎಲ್ಲ ಮುಗಿಸಿ ತಂದರೂ ನಾನು ಮತ್ತೆ ನೀರು ಹಾಕಲೇಬೇಕು.

ಹಾಗಂತ ಕೆರೆಯಲ್ಲಿ ಡೀಸೆಲ್ ಇದೆ ಅಂದುಕೊಳ್ಳಬೇಡಿ. ಬರುವ ಎಣ್ಣೆಯಲ್ಲಿ ಪಾಚಿಯ ಪ್ರೋಟೀನಿನಿಂದ ಬಂದ ಸಾರಜನಕ ಇರುತ್ತದೆ. ಹೈಡ್ರೋಜನ್ ಕೊಟ್ಟು ಶುದ್ಧ ಮಾಡದೆ ಪಂಪ್‌ಸೆಟ್‌ಗೆ ಹಾಕಿದರೆ ಪಂಪ್‌ಸೆಟ್ ಹೋಗುತ್ತದೆ. ಕೆರೆಯ ಪಾಚಿಯಲ್ಲಿ ಕೆಸರು ಸೇರಿದ್ದರೆ ಎಣ್ಣೆ ಇನ್ನೂ ಕಡಿಮೆ. ಒಬ್ಬರ ತೋಟದ ಮಟ್ಟಿಗೆ ಇದು ಲಾಭ ಎಂದು ನಾನಂತೂ ಹೇಳಲಾರೆ. ಕುಕ್ಕರ್‌ನಲ್ಲಿ ಮಾಡಿ ನೋಡುತ್ತೇನೆ ಎನ್ನುವ ಹುಡುಗರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಅದು ಬಾಂಬ್.

ಇದೆಲ್ಲ ಕೇಳಿ ಪೆರ್ಲದವರು ತಲೆಯಾಡಿಸಿ ಹೋದರು. ಮೊನ್ನೆ ಫೋನ್. "ಇನ್ನೂರು ಲೀಟರ್ ಬ್ಯಾರೆಲ್‌ನಲ್ಲಿ ಹಸಿರು ನೀರು ತುಂಬಿಸಿ ಜೀಪಿಗೆ ಹಾಕಿದ್ದೇನೆ. ಒಂದು ಹನಿ ಒಣಗಿಲ್ಲ." ಅಯ್ಯೋ ದೇವರೇ! ದಟ್ಟವಾಗಿ ಬೆಳೆಸಿದ ನೀರಲ್ಲೂ ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಪಾಚಿ ಇದ್ದರೆ ಹೆಚ್ಚು. ಬ್ಯಾರೆಲಿಗೆ ಹೆಚ್ಚೆಂದರೆ ಒಂದು ಲೋಟದ ಕಾಲುಭಾಗ ಎಣ್ಣೆ. ಒಣಗಿಸಬೇಡಿ ಅಂದರೆ ನೀರು ಬಸಿಯಬೇಡಿ ಎಂದಲ್ಲ. ನೂಲಿನಂಥ ಪಾಚಿಯಾದರೆ ಹಳೇ ಪಂಚೆಯಲ್ಲಿ ಕಟ್ಟಿ ತೂಗುಹಾಕಿ, ಸಾಕು.

ಜೀಪು ಆಗಲೇ ಬದಿಯಡ್ಕ ದಾಟಿತ್ತು. ಬನ್ನಿ, ಚಾ ಕುಡಿದು ಹೋಗಿ ಎಂದೆ.