ಮಾತ್ರೆ ಬಿಟ್ಟ ರಾತ್ರಿ ನಿದ್ದೆ ಬರಲಿಲ್ಲವೆಂದರೆ ಮಾತ್ರೆ ಬೇಕೇ ಬೇಕೆಂದು ಅರ್ಥವೇ?

ಪ್ರಶ್ನೆ: ನನಗೆ 58 ವರ್ಷ. ಮೂರು ವರ್ಷಗಳ ಹಿಂದೆ ಮನೆಯಲ್ಲಿ ಒಂದು ಸಾವಾದ ಮೇಲೆ ನಿದ್ದೆ ಕೆಟ್ಟಿತು. ವೈದ್ಯರು 0.5 ಮಿ.ಗ್ರಾಂ. ಆಲ್ಪ್ರಜೋಲಾಮ್ ಬರೆದುಕೊಟ್ಟರು. ಅಂದಿನಿಂದ ರಾತ್ರಿಯ ಮಾತ್ರೆ ತಪ್ಪಿಲ್ಲ. ನಡುವೆ ಎರಡು ಸಲ ಬಿಟ್ಟು ನೋಡಿದೆ. ಎರಡೂ ಸಲ ಬೆಳಗಿನವರೆಗೆ ಕಣ್ಣು ಮುಚ್ಚಲಿಲ್ಲ. ಇನ್ನು ನನ್ನ ದೇಹಕ್ಕೆ ಇದು ಬೇಕೇ ಬೇಕು ಎಂದು ತಿಳಿಯಬೇಕೇ? ಹಾಗಿದ್ದರೆ ಸುರಕ್ಷಿತವಾಗಿ ತೆಗೆದುಕೊಳ್ಳುವ ಕ್ರಮ ಯಾವುದು?

ಉತ್ತರ: ಕೇಳುವವರ ವಯಸ್ಸೂ ಮಾತ್ರೆಯ ಹೆಸರೂ ಬದಲಾಗುತ್ತವೆ, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಜಿಲ್ಲಾ ಕೇಂದ್ರವೊಂದರಲ್ಲಿ ಮನೋವೈದ್ಯನಾಗಿರುವ ನಾನು ಇದಕ್ಕೆ ಹೊರರೋಗಿ ವಿಭಾಗದಲ್ಲಿ, ಫೋನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು ಕೂಡ ಉತ್ತರ ಹೇಳಿದ್ದೇನೆ. ಎಲ್ಲವನ್ನೂ ಕೇಳಿಸಿಕೊಂಡವರು ಕೊನೆಗೆ, "ಅದೆಲ್ಲ ಸರಿ ಡಾಕ್ಟ್ರೇ, ಆದರೆ ಬಿಟ್ಟ ದಿನ ನಿದ್ದೆ ಬರೋದೇ ಇಲ್ವಲ್ಲ" ಎಂದು ಹೊರಟ ಜಾಗಕ್ಕೇ ಮರಳುತ್ತಾರೆ. ಆದ್ದರಿಂದ ಈ ಸಲ ಆ ಒಂದು ಮಾತನ್ನೇ ಹಿಡಿದು ಕೂರುತ್ತೇನೆ. ಅದಕ್ಕೆ ಮುನ್ನ ನಿಮ್ಮ ಪ್ರಶ್ನೆಯ ಎರಡನೆಯ ಭಾಗವನ್ನು ಮುಗಿಸಿಬಿಡೋಣ.

ನಿದ್ದೆ ಮಾತ್ರೆಯನ್ನು ಬರೆದುಕೊಡಬೇಕಾದದ್ದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ಮಟ್ಟಿಗೆ, ಪರಿಣಾಮ ಬೀರುವಷ್ಟೇ ಕಡಿಮೆ ಪ್ರಮಾಣದಲ್ಲಿ. ದೀಪ ಆರಿಸಿ ಮಲಗುವ ಹೊತ್ತಿಗೆ ಅದನ್ನು ನುಂಗಬೇಕು, ಮತ್ತು ಆಮೇಲೆ ಏಳೆಂಟು ಗಂಟೆ ಹಾಸಿಗೆಯಲ್ಲಿರಲು ಬಿಡುವಿರಬೇಕು. ಮಾತ್ರೆ ನುಂಗಿ ಬಾಗಿಲು ಹಾಕಲು, ಹಾಲು ಹೆಪ್ಪು ಹಾಕಲು ಓಡಾಡುತ್ತಿದ್ದವರು ಬಿದ್ದು ಗಾಯ ಮಾಡಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ಎರಡು ಗಂಟೆಗೆ ಎಚ್ಚರವಾಯಿತೆಂದು ಇನ್ನೊಂದನ್ನು ನುಂಗಬಾರದು. ಮದ್ಯದ ಜೊತೆ ಎಂದಿಗೂ ಕೂಡದು, ಏಕೆಂದರೆ ಎರಡೂ ಸೇರಿದಾಗ ಉಸಿರಾಟವೇ ಕುಗ್ಗುತ್ತದೆ. ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳಿಗೂ ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪಿಗೂ ಇದೇ ಮಾತು. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವವರು, ಗರ್ಭಿಣಿಯರು, ಯಕೃತ್ತಿನ ಕಾಯಿಲೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. 65 ದಾಟಿದವರಿಗೆ ಸಾಧ್ಯವಾದಷ್ಟೂ ಈ ಮಾತ್ರೆಗಳು ಬೇಡವೇ ಬೇಡ. ಬೀಳುವುದು, ಸೊಂಟದ ಮೂಳೆ ಮುರಿಯುವುದು, ಮರೆವು, ಇವೆಲ್ಲವೂ ಅವರಲ್ಲಿ ಹೆಚ್ಚು. ಮಾತ್ರೆ ನುಂಗಿದವರನ್ನು ಎಷ್ಟು ಅಲುಗಿಸಿದರೂ ಎಬ್ಬಿಸಲಾಗದಿದ್ದರೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಈಚೆಗೆ ಹೆಚ್ಚು ಬಳಕೆಗೆ ಬಂದಿರುವ ಜೋಲ್ಪಿಡೆಮ್ ಹಗುರವಾದ ಮಾತ್ರೆ, ಅದರಿಂದ ಏನೂ ಆಗುವುದಿಲ್ಲ ಎಂಬ ಮಾತೂ ಕಿವಿಗೆ ಬೀಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಮಹಿಳೆಯರಿಗೆ ಅದರ ಪ್ರಮಾಣವನ್ನು 10 ಮಿ.ಗ್ರಾಂ.ನಿಂದ 5ಕ್ಕೆ ಇಳಿಸಿತು. ಬೆಳಿಗ್ಗೆ ವಾಹನ ಓಡಿಸಲು ತೊಡಕಾಗುವಷ್ಟು ಔಷಧ ರಕ್ತದಲ್ಲಿ ಉಳಿದಿರುತ್ತಿದ್ದುದೇ ಅದಕ್ಕೆ ಕಾರಣ. ನಿದ್ದೆಯಲ್ಲೇ ಎದ್ದು ನಡೆದಾಡುವ, ವಾಹನ ಓಡಿಸುವ ಅಪಾಯದ ಕುರಿತು 2019ರಲ್ಲಿ ಅದೇ ಸಂಸ್ಥೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಪೊಟ್ಟಣದ ಚೀಟಿಯಲ್ಲಿ ಸೇರಿಸಿತು. ನಮ್ಮಲ್ಲಿ ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಮೂರೂ 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್-1 ಅನುಸೂಚಿಯಲ್ಲಿವೆ. ಇವನ್ನು ಮಾರುವ ಅಂಗಡಿಯವರು ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಪರಿಚಯದ ಮೇಲೆ ಚೀಟಿಯಿಲ್ಲದೆ ಸ್ಟ್ರಿಪ್ ಕೊಡುವವರು ನಿಮಗೆ ಉಪಕಾರ ಮಾಡುತ್ತಿಲ್ಲ.

ಇನ್ನು ಮುಖ್ಯ ವಿಷಯ. "ಬಿಟ್ಟು ನೋಡಿದೆ, ನಿದ್ದೆ ಬರಲಿಲ್ಲ, ಆದ್ದರಿಂದ ನನಗೆ ಮಾತ್ರೆ ಬೇಕು." ಈ ತರ್ಕದ ಮೊದಲ ಎರಡು ಮಾತು ನಿಜ, ಮೂರನೆಯದು ತಪ್ಪು. ತಪ್ಪು ಎಂದು ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ.

ಮಿದುಳಿನಲ್ಲಿ ನರಕೋಶಗಳನ್ನು ಸುಮ್ಮನಿರಿಸುವ ಗಾಬಾ ಎಂಬ ರಾಸಾಯನಿಕವಿದೆ. ನೀವು ತೆಗೆದುಕೊಳ್ಳುವ ಮಾತ್ರೆ ಹೊಸದಾಗಿ ನಿದ್ದೆಯನ್ನು ಸೃಷ್ಟಿಸುವುದಿಲ್ಲ. ಗಾಬಾ ಹೋಗಿ ಕೂರುವ ಗ್ರಾಹಿಗೆ ತಾನೂ ಬೇರೊಂದು ಕಡೆಯಿಂದ ಅಂಟಿಕೊಂಡು ಅದರ ಪರಿಣಾಮವನ್ನು ಹೆಚ್ಚಿಸುತ್ತದೆ, ಅಷ್ಟೇ. ಮೊದಲ ಕೆಲವು ದಿನ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಮಿದುಳು ಸಮತೋಲವನ್ನು ಬಯಸುವ ಅಂಗ. ತಕ್ಕಡಿಯ ಒಂದು ತಟ್ಟೆಗೆ ದಿನವೂ ರಾತ್ರಿ ಯಾರೋ ಒಂದು ತೂಕ ಇಡುತ್ತಿದ್ದಾರೆಂದು ಗೊತ್ತಾದ ಮೇಲೆ, ಅದು ಇನ್ನೊಂದು ತಟ್ಟೆಗೆ ಸ್ವಲ್ಪ ಸ್ವಲ್ಪವಾಗಿ ತಾನೂ ತೂಕ ಇಡುತ್ತ ಮುಳ್ಳನ್ನು ನಡುವಿಗೆ ತರುತ್ತದೆ: ಗ್ರಾಹಿಗಳ ಸ್ಪಂದನ ಕುಗ್ಗುತ್ತದೆ, ಎಚ್ಚರಿಸುವ ಕಡೆಯ ಚಟುವಟಿಕೆ ಏರುತ್ತದೆ. ವಾರಗಳು ಕಳೆದಂತೆ ಅದೇ ಮಾತ್ರೆಯ ಬಲ ಕಡಿಮೆಯಾದಂತೆ ಅನ್ನಿಸುವುದು ಇದರಿಂದಲೇ. ಈಗ ನೀವು ಒಂದು ರಾತ್ರಿ ನಿಮ್ಮ ತೂಕವನ್ನು ಏಕಾಏಕಿ ಎತ್ತಿಕೊಳ್ಳುತ್ತೀರಿ. ಮಿದುಳು ಇಟ್ಟ ತೂಕ ಆಚೆ ತಟ್ಟೆಯಲ್ಲಿ ಹಾಗೆಯೇ ಇದೆ. ಮುಳ್ಳು ನಡುವಿಗೆ ಬರುವುದಿಲ್ಲ, ಎಚ್ಚರದ ಕಡೆಗೆ ಪೂರ್ತಿ ವಾಲುತ್ತದೆ.

ಆ ರಾತ್ರಿ ನೀವು ಕಂಡದ್ದು ಮಾತ್ರೆಯಿಲ್ಲದ ನಿಮ್ಮ ನಿದ್ದೆಯನ್ನಲ್ಲ. ಮಾತ್ರೆಯನ್ನು ಥಟ್ಟನೆ ಕಿತ್ತುಕೊಂಡಾಗಿನ ಮಿದುಳನ್ನು. ವೈದ್ಯಶಾಸ್ತ್ರ ಇದನ್ನು ಮರುಕಳಿಕೆಯ ನಿದ್ರಾಹೀನತೆ ಎನ್ನುತ್ತದೆ. 1978ರಲ್ಲಿ ಆಂಥೊನಿ ಕೇಲ್ಸ್ ಮತ್ತು ಸಂಗಡಿಗರು ನಿದ್ರಾ ಪ್ರಯೋಗಾಲಯದಲ್ಲಿ ಅಳೆದು ಇದನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದರು. ಅವರು ತೋರಿಸಿದ ಸಂಗತಿಯನ್ನು ದಯವಿಟ್ಟು ಗಮನವಿಟ್ಟು ಓದಿ: ಕೆಲವೇ ರಾತ್ರಿ ಮಾತ್ರೆ ಕೊಟ್ಟು ನಿಲ್ಲಿಸಿದರೂ, ನಿಲ್ಲಿಸಿದ ಮೇಲಿನ ನಿದ್ದೆ ಮಾತ್ರೆ ಶುರುಮಾಡುವ ಮೊದಲು ಇದ್ದುದಕ್ಕಿಂತಲೂ ಕೆಟ್ಟಿರುತ್ತಿತ್ತು. ಮೂಲ ಕಾಯಿಲೆ ಮರಳಿದ್ದರೆ ಮೊದಲಿನಷ್ಟೇ ಕೆಡಬೇಕಿತ್ತು. ಮೊದಲಿಗಿಂತ ಹೆಚ್ಚು ಕೆಟ್ಟಿತೆಂದರೆ ಆ ಹೆಚ್ಚಿನ ಭಾಗ ಮಾತ್ರೆಯ ಕೊಡುಗೆ.

ಇಷ್ಟು ಹೇಳಿದರೂ ಒಪ್ಪದವರಿಗೆ ನಾನು ಕಾಫಿಯನ್ನು ನೆನಪಿಸುತ್ತೇನೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ಏಕಾದಶಿಯ ದಿನ ಒಂದನ್ನೂ ಮುಟ್ಟದಿದ್ದರೆ ಸಂಜೆಯೊಳಗೆ ತಲೆ ಸಿಡಿಯುತ್ತದೆ. ಆ ತಲೆನೋವು ಅಭ್ಯಾಸ ತಪ್ಪಿದ್ದರಿಂದ ಬಂತೆಂದು ಮನೆಯ ಮಕ್ಕಳಿಗೂ ಗೊತ್ತು. ತಮ್ಮ ದೇಹದಲ್ಲಿ ಕಾಫಿಯ ಕೊರತೆ ಇದೆ, ಅದಕ್ಕಾಗಿ ಜೀವನಪೂರ್ತಿ ಕುಡಿಯಬೇಕಾಗಿದೆ ಎಂದು ಯಾರೂ ಹೇಳುವುದಿಲ್ಲ. ಕಾಫಿಗೆ ಅನ್ವಯಿಸುವ ಈ ಸರಳ ವಿವೇಕ ನಿದ್ದೆ ಮಾತ್ರೆಯ ಬಳಿಗೆ ಬಂದಾಗ ಮಾಯವಾಗುವುದೇಕೆ? ರಾತ್ರಿ ಮೂರರ ಭಯ ದೊಡ್ಡದು, ಅದಕ್ಕೇ ಇರಬೇಕು.

"ಬಿಪಿ ಮಾತ್ರೆಯ ಹಾಗೆ ಇದೂ ಒಂದು, ಇರಲಿ ಬಿಡಿ" ಎನ್ನುವವರಿದ್ದಾರೆ. ಬಿಪಿ ಮಾತ್ರೆಯ ಪ್ರಯೋಜನವನ್ನು ಪಟ್ಟಿ ಸುತ್ತಿ ಅಳೆಯುತ್ತೇವೆ, ವರ್ಷಗಟ್ಟಲೆ ಅದು ಪಾರ್ಶ್ವವಾಯುವನ್ನು ತಪ್ಪಿಸುತ್ತದೆಂದು ಬಲ್ಲೆವು. ನಿದ್ದೆ ಮಾತ್ರೆ ಅಳತೆಗೆ ಸಿಗುವಂತೆ ನಿದ್ದೆಯನ್ನು ಬೇಗ ತರುವುದು ಸರಾಸರಿ ಹತ್ತು ಇಪ್ಪತ್ತು ನಿಮಿಷಗಳಷ್ಟು. ಗಾಢ ನಿದ್ದೆಯ ಪಾಲನ್ನು ಆಲ್ಪ್ರಜೋಲಾಮ್ ವರ್ಗದ ಮಾತ್ರೆಗಳು ಕಡಿಮೆಯನ್ನೇ ಮಾಡುತ್ತವೆ. ಜೊತೆಗೆ ನೆನಪನ್ನು ಮಸುಕಾಗಿಸುವ ಗುಣವೂ ಅವಕ್ಕಿದೆ, ಆದ್ದರಿಂದ ರಾತ್ರಿ ನಡುವೆ ಎಚ್ಚರವಾದದ್ದು ಬೆಳಿಗ್ಗೆ ನೆನಪಿರುವುದಿಲ್ಲ, ಇಡೀ ರಾತ್ರಿ ಮಲಗಿದೆ ಅನ್ನಿಸುತ್ತದೆ.

ಹಾಗೆಂದು ಇದನ್ನು ಓದಿ ಇಂದು ರಾತ್ರಿಯೇ ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಮೂರು ವರ್ಷ ನುಂಗಿದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ಗಾಬರಿ ಬರಬಹುದು. ಅಪರೂಪಕ್ಕೆ ಫಿಟ್ಸ್ ಕೂಡ ಬರುತ್ತದೆ, ಅದು ಪ್ರಾಣಾಪಾಯದ ಮಾತು. ಮಾತ್ರೆಯ ತೂಕವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು, ಮಿದುಳು ತನ್ನ ತಟ್ಟೆಯಿಂದಲೂ ಅಷ್ಟಷ್ಟೇ ತೆಗೆಯಲು ಸಮಯ ಕೊಡಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಕಡಿಮೆ ಮಾಡುತ್ತೇವೆ. ಎರಡು ವಾರದಲ್ಲಿ ಶೇಕಡಾ 25ನ್ನು ಮೀರುವುದಿಲ್ಲ. 0.5ರ ಮಾತ್ರೆಯಲ್ಲಿ ಇಷ್ಟು ಸಣ್ಣ ಹೆಜ್ಜೆ ಹಾಕುವುದು ಕಷ್ಟ. ನನ್ನ ಬಳಿ ಬಂದ ನಿವೃತ್ತ ಮೇಷ್ಟರೊಬ್ಬರು ಸ್ಟೀಲ್ ತಟ್ಟೆಯ ಮೇಲೆ ಮಾತ್ರೆಯನ್ನಿಟ್ಟು ಬ್ಲೇಡಿನಿಂದ ನಾಲ್ಕು ಮಾಡುತ್ತಿದ್ದರು. ಕಾಗದದ ಪೊಟ್ಟಣದಲ್ಲಿ ತಂದು ತೋರಿಸಿದಾಗ ಒಂದು ಚೂರು ಅಕ್ಕಿ ಕಾಳಿನಷ್ಟಿತ್ತು, ಇನ್ನೊಂದು ತೊಗರಿಬೇಳೆಯಷ್ಟಿತ್ತು, ಉಳಿದದ್ದು ಪುಡಿ. ಒಂದು ರಾತ್ರಿ ಚೆನ್ನಾಗಿ ನಿದ್ದೆ, ಮರುರಾತ್ರಿ ಜಾಗರಣೆ ಏಕಾಗುತ್ತಿತ್ತೆಂದು ಅವರಿಗೆ ಅದನ್ನು ನೋಡುತ್ತಲೇ ಅರ್ಥವಾಯಿತು. ಔಷಧ ಅಂಗಡಿಯಲ್ಲಿ ಸಿಗುವ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಾಕಷ್ಟು ನೆರವಾಗುತ್ತದೆ. ಕೆಲವರಿಗೆ ದೇಹದಲ್ಲಿ ನಿಧಾನವಾಗಿ ಕರಗುವ ಡಯಾಜೆಪಾಮ್‌ನಂತಹ ಮಾತ್ರೆಗೆ ಬದಲಿಸಿ ಇಳಿಸುತ್ತೇವೆ. ಹೆಸರಿನ ಮುಂದೆ ಎಸ್‌ಆರ್ ಅಥವಾ ಸಿಆರ್ ಎಂದಿರುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕತ್ತರಿಸುವಂತಿಲ್ಲ, ಏಕೆಂದರೆ ರಾತ್ರಿಯಿಡೀ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಸೇರಬಹುದು.

ಇಷ್ಟು ವರ್ಷ ನುಂಗಿದವರು ಬಿಡುತ್ತಾರೆಯೇ ಎಂದು ಕೇಳಬಹುದು. ಕೆನಡಾದ ಕ್ವಿಬೆಕ್‌ನಲ್ಲಿ ಈ ವರ್ಗದ ಮಾತ್ರೆಗಳನ್ನು ದೀರ್ಘಕಾಲ ಬಳಸುತ್ತಿದ್ದ, 65 ದಾಟಿದ 303 ಜನರ ಮೇಲೆ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಮಾತ್ರೆಯ ಅಪಾಯಗಳನ್ನೂ ಹಂತ ಹಂತವಾಗಿ ಇಳಿಸುವ ವೇಳಾಪಟ್ಟಿಯನ್ನೂ ವಿವರಿಸುವ ಒಂದು ಕೈಪಿಡಿ ಕೊಡಲಾಯಿತು, ಅದಕ್ಕಿಂತ ಹೆಚ್ಚೇನಿಲ್ಲ. ಆರು ತಿಂಗಳಲ್ಲಿ ಕೈಪಿಡಿ ಸಿಕ್ಕವರಲ್ಲಿ ಶೇಕಡಾ 27 ಮಂದಿ ಮಾತ್ರೆಯನ್ನು ಪೂರ್ತಿ ಬಿಟ್ಟಿದ್ದರು; ಸಿಗದವರಲ್ಲಿ ಶೇಕಡಾ 5. ಬಿಟ್ಟವರೂ ಮೊದಲು ನಿಮ್ಮ ಹಾಗೆಯೇ ಮಾತ್ರೆಯನ್ನು ನಂಬಿ ಮಲಗುತ್ತಿದ್ದವರು. ಇಳಿಸುವಾಗ ಪ್ರತಿ ಹೆಜ್ಜೆಯಲ್ಲೂ ಎರಡು ಮೂರು ರಾತ್ರಿ ನಿದ್ದೆ ಹದಗೆಡಬಹುದೆಂದು ಮೊದಲೇ ಗೊತ್ತಿದ್ದರೆ ಅದು ಹೆದರಿಸುವುದಿಲ್ಲ. ಹದಗೆಟ್ಟಾಗ ಮತ್ತೆ ಮೇಲಿನ ಮೆಟ್ಟಿಲಿಗೆ ಹತ್ತದೆ, ಇರುವಲ್ಲೇ ಇನ್ನೊಂದು ವಾರ ನಿಲ್ಲುವುದು ಒಳ್ಳೆಯದು. ನಿದ್ದೆಯ ಜೊತೆಗೆ ಬದುಕೇ ಬೇಡ ಎನ್ನಿಸುವಂತಿದ್ದರೆ ಇಳಿಸುವ ಮಾತು ಆಮೇಲೆ. ಮೊದಲು ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ.

ಮಾತ್ರೆಯ ಜಾಗದಲ್ಲಿ ಏನು? ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಿದ್ದೆಯ ಅಭ್ಯಾಸ ಮತ್ತು ಆಲೋಚನೆಗಳನ್ನು ತಿದ್ದುವ ವರ್ತನಾ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ಅದರ ತಿರುಳು ಇಷ್ಟು: ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗುವುದು, ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರುವುದು, ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತನ್ನು ಬದಲಿಸದಿರುವುದು.

ಏಳುವ ಹೊತ್ತಿನ ಮಾತು ಬಂದದ್ದರಿಂದ, ನೀವು ಕೇಳದ ಒಂದು ವಿಷಯಕ್ಕೂ ಬರುತ್ತೇನೆ. "ಅಮ್ಮನಿಗೆ ಮೂರು ಗಂಟೆಗೇ ಎಚ್ಚರವಾಗುತ್ತದೆ, ಮಾತ್ರೆ ಹೆಚ್ಚಿಸಿ" ಎಂದು ಮಕ್ಕಳು ಕರೆತರುವ ಹಿರಿಯರಲ್ಲಿ ಅನೇಕರಿಗೆ ನಿದ್ರಾಹೀನತೆಯೇ ಇರುವುದಿಲ್ಲ. ಹೀಗೆ ಬಂದ 74ರ ಅಜ್ಜಿಯೊಬ್ಬರನ್ನು ಮಲಗುವುದು ಎಷ್ಟು ಹೊತ್ತಿಗೆಂದು ಕೇಳಿದೆ. ಎಂಟೂವರೆಗೆ ಎಂದರು. ಎಂಟೂವರೆಯಿಂದ ಮೂರರವರೆಗೆ ಆರೂವರೆ ಗಂಟೆ, ಮಧ್ಯಾಹ್ನ ಊಟದ ಮೇಲೆ ಒಂದೂವರೆ ಗಂಟೆ. ಒಟ್ಟು ಎಂಟು ಗಂಟೆಯ ನಿದ್ದೆ ಅವರಿಗೆ ದಿನವೂ ಸಿಗುತ್ತಿತ್ತು. ವಯಸ್ಸಾದಂತೆ ದೇಹದ ಗಡಿಯಾರ ಮುಂದಕ್ಕೆ ಸರಿಯುವುದು ಸಹಜ, ಸಂಜೆಗೇ ಕಣ್ಣೆಳೆಯುತ್ತದೆ, ನಸುಕಿಗೆ ಮೊದಲೇ ಎಚ್ಚರವಾಗುತ್ತದೆ. ಮನೆಯ ಉಳಿದವರು ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುವುದರಿಂದ ಆ ಮೂರು ಗಂಟೆಯ ಒಂಟಿತನ ಕಾಯಿಲೆಯಂತೆ ಕಾಣುತ್ತದೆ. ಅಜ್ಜಿಗೆ ಮಾತ್ರೆ ಹೆಚ್ಚಿಸಲಿಲ್ಲ. ಸಂಜೆ ಐದಕ್ಕೆ ಅಂಗಳದ ಬಿಸಿಲಿನಲ್ಲಿ ಅರ್ಧ ಗಂಟೆ ಕೂರಲು, ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ಇಳಿಸಲು, ರಾತ್ರಿ ಹತ್ತರವರೆಗೆ ಮೊಮ್ಮಗಳ ಜೊತೆ ಹೂ ಕಟ್ಟುತ್ತ ಎಚ್ಚರವಾಗಿರಲು ಹೇಳಿದೆ. ಮೊದಲಿನಿಂದ ನಡೆಯುತ್ತಿದ್ದ ಕಾಲು ಮಿಲಿಗ್ರಾಂ ಮಾತ್ರೆಯನ್ನು ಐದು ತಿಂಗಳಲ್ಲಿ ಇಳಿಸಿ ನಿಲ್ಲಿಸಿದೆವು. ಕಳೆದ ಬಾರಿ ಬಂದಾಗ ಏಳುವುದು ನಾಲ್ಕೂಮುಕ್ಕಾಲಿಗೆ ಎಂದರು. ಅಷ್ಟು ಹೊತ್ತಿಗೆ ಹಾಲಿನವನೂ ಬರುತ್ತಾನಂತೆ.