ಎರಡೇ ಅಂಕಿ ಕೊಟ್ಟು ಸುಡೊಕು ಬಿಡಿಸಿ ಅಂದ್ರೆ?

ಪೇಪರಲ್ಲಿ ದಿನಾ ಬರೋ ಸುಡೊಕುಗೆ ಇರೋ ರೂಲ್ ಒಂದೇ ಮಾತಲ್ಲಿ ಮುಗಿಯತ್ತೆ. ಅಡ್ಡಸಾಲು, ಕಂಬಸಾಲು, ಮೂರು-ಮೂರರ ಬಾಕ್ಸು, ಇವು ಯಾವುದರಲ್ಲೂ ಅಂಕಿ ರಿಪೀಟ್ ಆಗಬಾರದು, ಅಷ್ಟೇ. ಈ ರೂಲ್ ಪಾಲಿಸಿ ಎಷ್ಟು ಥರ ಚೌಕ ತುಂಬಬಹುದು ಅಂತ 2005ರಲ್ಲಿ ಫೆಲ್ಗೆನ್‌ಹಾವರ್, ಜಾರ್ವಿಸ್ ಅನ್ನೋ ಇಬ್ಬರು ಲೆಕ್ಕ ಹಾಕಿದ್ರೆ ಬಂದಿದ್ದು 22 ಅಂಕಿಯ ಸಂಖ್ಯೆ! ಅಷ್ಟರಲ್ಲಿ ಒಂದೇ ಒಂದು ಉತ್ತರ ಉಳಿಯೋ ಹಾಗೆ ಪಜಲ್ ಮಾಡ್ಬೇಕು ಅಂದ್ರೆ ಕಡಿಮೆ ಅಂದ್ರೂ 17 ಅಂಕಿ ಮೊದಲೇ ತುಂಬಿ ಕೊಡಲೇಬೇಕು, 16ರಲ್ಲಿ ಆಗೋದೇ ಇಲ್ಲ ಅಂತ 2012ರಲ್ಲಿ ಡಬ್ಲಿನ್‌ನ ಗ್ಯಾರಿ ಮೆಕ್‌ಗ್ವೈರ್ ತಂಡ ಕಂಪ್ಯೂಟರ್ ಓಡಿಸಿ ತೋರಿಸ್ತು.

ಹೀಗಿರೋವಾಗ 2020ರಲ್ಲಿ ಮಿಚೆಲ್ ಲೀ ಅನ್ನೋರು ಒಂದು ಪಜಲ್ ಮಾಡಿದ್ರು. 81 ಮನೆಯಲ್ಲಿ ತುಂಬಿದ್ದು ಎರಡೇ, ಒಂದು 1, ಒಂದು 2. 'ಕ್ರ್ಯಾಕಿಂಗ್ ದ ಕ್ರಿಪ್ಟಿಕ್' ಯೂಟ್ಯೂಬ್ ಚಾನೆಲ್ಲಿನ ಸೈಮನ್ ಆಂಟನಿ ಇದ್ಯಾರೋ ತಮಾಷೆ ಮಾಡ್ತಿದಾರೆ ಅಂದ್ಕೊಂಡೇ ಶುರು ಮಾಡಿ, ಅರ್ಧ ಗಂಟೆ ಒಳಗೆ ಪೂರ್ತಿ ಬಿಡಿಸಿಬಿಟ್ರು. ಆ ವಿಡಿಯೋ ಇನ್ನೂ ನೋಡಿಲ್ಲ ಅಂದ್ರೆ ನೋಡಿ, ಥ್ರಿಲ್ಲರ್ ಸಿನಿಮಾ ಥರಾನೇ ಇದೆ.

17 ಬೇಕಾಗಿದ್ದ ಕಡೆ ಎರಡು ಹೇಗೆ ಸಾಕಾಯ್ತು ಅಂದ್ರೆ, ಕಮ್ಮಿಯಾದ ಅಂಕಿಗಳ ಕೆಲಸವನ್ನ ರೂಲ್‌ಗಳು ಮಾಡ್ತವೆ. ಅಲ್ಲಿ ಮಾಮೂಲಿ ರೂಲ್ ಜೊತೆ ಇನ್ನೂ ಮೂರಿದ್ವು: ಚೆಸ್‌ನ ಕುದುರೆ ಹಾರೋ ದೂರದಲ್ಲಿ ಅದೇ ಅಂಕಿ ಬರಬಾರದು, ರಾಜ ನಡೆಯೋ ದೂರದಲ್ಲೂ ಬರಬಾರದು, ಅಕ್ಕಪಕ್ಕ ಮೇಲೆಕೆಳಗೆ 4-5, 7-8 ಥರ ಒಂದರ ಹಿಂದೊಂದು ಅಂಕಿ ಕೂರಬಾರದು. ಚೌಕದ ನಟ್ಟನಡುವಿನ ಮನೇಲಿ ಒಂದು 5 ಬರೀರಿ. ಮಾಮೂಲಿ ಆಟದಲ್ಲಿ ಸಾಲಿನ 8, ಕಂಬದ 8, ಬಾಕ್ಸಲ್ಲಿ ಉಳಿದ 4, ಒಟ್ಟು 20 ಮನೆಗೆ 5 ಹೋಗಲ್ಲ. ಕುದುರೆ ರೂಲ್ ಬಂದ ತಕ್ಷಣ ಇನ್ನೂ 8 ಸೇರಿ 28 ಆಯ್ತು, ಮೇಲಿಂದ ಒಂದರ ಹಿಂದೊಂದು ಬೇಡ ಅನ್ನೋ ರೂಲಿಂದ ಅಕ್ಕಪಕ್ಕ ಮೇಲೆಕೆಳಗಿನ ನಾಲ್ಕು ಮನೆಗೆ 4, 6 ಕೂಡ ಬಂದ್! ರಾಜನ ರೂಲ್ ಮಾತ್ರ ಇಲ್ಲಿ ಸುಮ್ಮನೆ ಕೂತಿರತ್ತೆ, ಯಾಕಂದ್ರೆ ಅದು ಮುಟ್ಟೋ ಮನೆಗಳೆಲ್ಲ ಅದೇ ಬಾಕ್ಸಲ್ಲಿವೆ, ಬಾಕ್ಸಿನ ಅಂಚಿನ ಮನೆಗಳಲ್ಲಿ ಮಾತ್ರ ಅದಕ್ಕೆ ಕೆಲಸ.

ಅಸಲಿಗೆ ಸುಡೊಕುನೇ ಒಂದು ವೇರಿಯೇಷನ್. ಸಾಲು-ಕಂಬದಲ್ಲಿ ರಿಪೀಟ್ ಇಲ್ಲದ ಲ್ಯಾಟಿನ್ ಚೌಕಗಳನ್ನ 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಅಭ್ಯಾಸ ಮಾಡಿದ್ದ, ಅದಕ್ಕೆ ಬಾಕ್ಸ್ ರೂಲ್ ಸೇರಿಸಿ 1979ರಲ್ಲಿ ಅಮೆರಿಕದ ಹೋವರ್ಡ್ ಗಾರ್ನ್ಸ್ ಪಜಲ್ ಮಾಡಿದ್ರು, ಜಪಾನಿಗೆ ಹೋಗಿ ಸುಡೊಕು ಅಂತ ಹೆಸರಾಗಿದ್ದು ಆಮೇಲೆ.

ಹೀಗೆ ಹೊಸ ರೂಲ್ ಸೇರಿಸಿ ಮಾಡಿದ ಸುಡೊಕುಗಳಲ್ಲಿ ನನಗೆ ತುಂಬಾ ಇಷ್ಟ ಆಗೋದು ಜರ್ಮನ್ ವಿಸ್ಪರ್ಸ್. ಚೌಕದ ಮೇಲೆ ಹಸಿರು ಗೆರೆ ಎಳೆದಿರ್ತಾರೆ, ಗೆರೆ ಮೇಲೆ ಪಕ್ಕಪಕ್ಕ ಬರೋ ಅಂಕಿಗಳ ವ್ಯತ್ಯಾಸ 5 ಅಥವಾ ಜಾಸ್ತಿ ಇರಬೇಕು. ಇಷ್ಟೇ ರೂಲು, ಆದ್ರೆ ಇದರ ಹೊಟ್ಟೇಲಿ ಏನೇನಿದೆ ನೋಡಿ. 5ಕ್ಕೆ ಜೊತೆಗಾರನೇ ಇಲ್ಲ (0ನೂ ಇಲ್ಲ 10ನೂ ಇಲ್ವಲ್ಲ), ಹಾಗಾಗಿ ಗೆರೆ ಮೇಲೆ 5 ಬರೋದೇ ಇಲ್ಲ. ಉಳಿದವು ಸಣ್ಣದು, ದೊಡ್ಡದು, ಸಣ್ಣದು ಅಂತ ಒಂದು ಬಿಟ್ಟೊಂದು ಬರಲೇಬೇಕು. 4ರ ಪಕ್ಕ 9 ಬಿಟ್ಟು ಬೇರೇನೂ ಕೂರಲ್ಲ, ಅಂದ್ರೆ ಗೆರೆಯ ನಡುವೆ 4 ಬಂದ್ರೆ ಎರಡೂ ಕಡೆ 9 ಬೇಕು, ಆ ಎರಡು ಮನೆ ಒಂದೇ ಸಾಲಲ್ಲೋ ಬಾಕ್ಸಲ್ಲೋ ಇದ್ರೆ ಎರಡು 9 ಆಗಲ್ಲ, ಸೋ ಅಲ್ಲಿ 4 ಇಲ್ಲ ಅಂತ ಒಂದು ಅಂಕಿನೂ ಬರೆಯದೇ ಗೊತ್ತಾಗತ್ತೆ. 6ಕ್ಕೂ ಹೀಗೇ, ಅದಕ್ಕೆ ಜೊತೆ 1 ಮಾತ್ರ.

ಕಿಲ್ಲರ್ ಸುಡೊಕು ಇನ್ನೂ ಜನಪ್ರಿಯ. ಚುಕ್ಕೆ ಗೆರೆಯ ಪಂಜರದೊಳಗಿನ ಅಂಕಿಗಳ ಮೊತ್ತ ಕೊಟ್ಟಿರ್ತಾರೆ. ಎರಡು ಮನೆಗೆ 17 ಅಂದ್ರೆ 8-9, ಮೂರು ಮನೆಗೆ 6 ಅಂದ್ರೆ (ಪಂಜರದಲ್ಲಿ ರಿಪೀಟ್ ಇಲ್ಲದಿದ್ರೆ) 1-2-3. ಅದಕ್ಕಿಂತ ದೊಡ್ಡ ಆಯುಧ 45, ಯಾವ ಸಾಲು ಕೂಡಿದ್ರೂ ಮೊತ್ತ ಅಷ್ಟೇ. ಒಂದು ಸಾಲನ್ನ ಮುಚ್ಚಿರೋ ಪಂಜರಗಳ ಮೊತ್ತ 52 ಇದ್ದು, ಒಂದೇ ಮನೆ ಸಾಲಿಂದ ಆಚೆ ಚಾಚಿಕೊಂಡಿದ್ರೆ ಆ ಮನೇಲಿ 7. ಹೊಸಬರು ಇಲ್ಲಿಂದಾನೇ ಶುರು ಮಾಡೋದು ಒಳ್ಳೇದು.

ಒಂದು ಕಿರಿಕಿರಿ ಏನಂದ್ರೆ ರೂಲ್ ಬರೆಯೋರ ಅರೆಬರೆ ಮಾತು. ಪಂಜರದೊಳಗೆ ಅಂಕಿ ರಿಪೀಟ್ ಆಗಬಹುದಾ? ಚೌಕದ ಮೇಲೆ ಎಳೆದ ಥರ್ಮಾಮೀಟರ್ ಆಕಾರದ ಗೆರೆಯಲ್ಲಿ ಅಂಕಿ ಏರುತ್ತಲೇ ಹೋಗಬೇಕಾ, ಅಥವಾ ಅಷ್ಟೇ ಇದ್ರೂ ನಡೆಯತ್ತಾ? ಒಂದು ಪದ ಬಿಟ್ರೆ ಉತ್ತರ ಒಂದಿರೋದು ಹತ್ತಾಗಬಹುದು. ಕ್ರೋಪ್ಕಿ ಅನ್ನೋ ಚುಕ್ಕಿ ಸುಡೊಕುನಲ್ಲಂತೂ ಇದು ಜಾಸ್ತಿ. ಎರಡು ಮನೆ ನಡುವೆ ಬಿಳಿ ಚುಕ್ಕಿ ಇದ್ರೆ ಒಂದರ ಹಿಂದೊಂದು ಬರೋ ಅಂಕಿ, ಕಪ್ಪು ಚುಕ್ಕಿ ಇದ್ರೆ ಒಂದು ಇನ್ನೊಂದರ ಡಬಲ್. 'ಎಲ್ಲಾ ಚುಕ್ಕಿನೂ ಕೊಟ್ಟಿದೆ' ಅಂತ ಬರೆದಿದ್ರೆ ಚುಕ್ಕಿ ಇಲ್ಲದ ಜಾಗನೂ ಸುಳಿವೇ, ಅಲ್ಲಿ 3-4 ಬರಲ್ಲ, 3-6ನೂ ಬರಲ್ಲ. ಆ ಮಾತು ಬರೆದಿಲ್ಲ ಅಂದ್ರೆ ಖಾಲಿ ಜಾಗ ಏನೂ ಹೇಳಲ್ಲ. ಇನ್ನು 1-2 ಜೋಡಿ ಎರಡೂ ರೂಲಿಗೆ ಹೊಂದತ್ತೆ, ಅದಕ್ಕೆ ಯಾವ ಬಣ್ಣದ ಚುಕ್ಕಿ ಬೇಕಾದ್ರೂ ಇಡಬಹುದು, ಹಾಗಾಗಿ ಬಿಳಿ ಚುಕ್ಕಿ ಕಂಡ ಕೂಡಲೇ ಅದನ್ನ ಹೊಡೆದು ಹಾಕಬೇಡಿ.